ಈಶಾನ್ಯ ಮೂಲೆಯ ಈಜುಕೊಳ

“ಮನೆ ಅಂಗಳ್ದಾಗೆ ಕೆರೆ ಕಟ್ಟಿಸ್ತಾನಂತೆ ಕಣೇ ನನ್ ಮಗ! ಅಲ್ಲೇ ಅಷ್ಟು ದೊಡ್ಡ ಹಲಸೂರು ಕೆರೆ ಬಿದ್ಕಂಡದೆ, ಅದು ಸಾಲ್ದಂತೆ ಇವ್ನಿಗೆ.”

ಮಾರಕ್ಕ ಜಗಲಿಯ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತ ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಒಳಗೆ ಮುದ್ದೆ ತಿರುವುತ್ತಿದ್ದ ಸೊಸೆ ಆಂಜನಮ್ಮ ಕೋಲು ನಿಲ್ಲಿಸದೆಯೇ ಉತ್ತರ ಕೊಟ್ಟಳು.

“ಕೆರೆ ಅಲ್ಲ ಅತ್ತೆ, ಈಜುಕೊಳ. ಸಿಮೆಂಟಿಂದು. ಸ್ವಿಮ್ಮಿಂಗ್ ಪೂಲು ಅಂತಾರೆ.”

“ಏನಾದ್ರೂ ಅನ್ಲಿ. ನೀರು ನಿಂತ್ರೆ ಕೆರೆ, ನಿಲ್ದಿದ್ರೆ ಹಳ್ಳ.”

ಅಷ್ಟರಲ್ಲಿ ಹಿತ್ತಲ ಕಲ್ಲಿನ ಮೇಲೆ ಕಾಲು ತೊಳೆದುಕೊಂಡು ಮುನಿವೆಂಕಟಪ್ಪ ಒಳಗೆ ಬಂದ. ಕೃಷ್ಣರಾಜಪುರದಾಚೆ ಇರುವ ತನ್ನ ಇಟ್ಟಿಗೆ ಗೂಡಿನ ಕೆಂಪು ಧೂಳು ಅವನ ಕತ್ತಿನ ಮಡಿಕೆಯಲ್ಲಿ ಇನ್ನೂ ಇತ್ತು. ತಟ್ಟೆಯ ಮುಂದೆ ಕೂತು, ಎರಡು ಮಾರು ದೂರದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಮಗಳ ಕಡೆ ಕಣ್ಣೂ ಹಾಯಿಸದೆ ಹೆಂಡತಿಗೆ ಹೇಳಿದ:

“ಕೇಳು ಅವಳ್ನ, ಮೂವತ್ತಡಿ ಉದ್ದ ಸಾಕಾ ಅಂತ.”

“ಆದಿ, ಮೂವತ್ತಡಿ ಸಾಕಾ ಅಂತ ಕೇಳ್ತಾವ್ರೆ.”

“ಹೇಳಮ್ಮ ಅವರಿಗೆ, ಮೂವತ್ತಡಿ ಅಂದ್ರೆ ಎಂಟು ಸಲ ಕೈ ಬೀಸೋದ್ರಲ್ಲಿ ಗೋಡೆ ಬಂದ್ಬಿಡತ್ತೆ. ಈಜೋದಕ್ಕಿಂತ ತಿರುಗೋದೇ ಜಾಸ್ತಿ ಆಗುತ್ತೆ ಅಂತ.”

“ಮೂವತ್ತಡಿ ಸಾಲ್ದಂತೆ,” ಎಂದಳು ಆಂಜನಮ್ಮ.

“ಕೇಳಿಸ್ತು, ನಂಗೇನು ಕಿವುಡಾ? ತಿರುಗಲಿ ಅನ್ನು. ತಿರುಗಿದ್ರೂ ಮೈ ಗಟ್ಟಿ ಆಗ್ತದೆ.”

ಹೀಗೆ ನಡೆಯುತ್ತಿತ್ತು ಆ ಮನೆಯಲ್ಲಿ ಮಾತು, ಒಂದು ತಿಂಗಳಿಂದ. ಅಪ್ಪನ ಮಾತು ಅಮ್ಮನ ಬಾಯಿಂದ ಮಗಳಿಗೆ, ಮಗಳ ಮಾತು ಅಮ್ಮನ ಬಾಯಿಂದ ಅಪ್ಪನಿಗೆ. ಆಂಜನಮ್ಮನಿಗೆ ತಾನು ಮನುಷ್ಯಳೋ ಟೆಲಿಫೋನ್ ಎಕ್ಸ್‌ಚೇಂಜೋ ಎಂದು ಅನುಮಾನ ಬರುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಫೋಟೋ. ಎಪ್ಪತ್ತನೇ ಇಸವಿ ಮಾರ್ಚಿನಲ್ಲಿ, ಹಲಸೂರು ಕೆರೆ ಪಕ್ಕದ ಈಜುಕೊಳದಲ್ಲಿ ಕಾಲೇಜು ಹುಡುಗಿಯರ ಪಂದ್ಯ ನಡೆದು, ಪಿಯುಸಿ ಓದುತ್ತಿದ್ದ ಆದಿಲಕ್ಷ್ಮಿ ಮೊದಲು ಬಂದಿದ್ದಳು. ಕೊಳದ ಮೆಟ್ಟಿಲ ಮೇಲೆ, ಒದ್ದೆ ಮೈಯಲ್ಲಿ, ಈಜುಡುಗೆಯಲ್ಲಿ ನಗುತ್ತ ನಿಂತ ಅವಳ ಚಿತ್ರ ಪೇಪರಿನಲ್ಲಿ ಬಂತು. ಮುನಿವೆಂಕಟಪ್ಪ ಪೇಪರು ಓದುವವನಲ್ಲ. ಎರಡು ದಿನ ಅವನಿಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಟಿನ್ ಫ್ಯಾಕ್ಟರಿ ಸ್ಟಾಪಿನ ಟೀ ಅಂಗಡಿಯಲ್ಲಿ ದಾಯಾದಿ ದೊಡ್ಡಮುನಿಯಪ್ಪ ಹತ್ತು ಜನರ ಮುಂದೆ, “ಏನಪ್ಪ ಮುನಿವೆಂಕಟ, ನಿನ್ ಮಗಳ ಫೋಟೋನಾಗೆ ನಮ್ಮ ಹುಡುಗ ಬೋಂಡ ಕಟ್ಟಿಸ್ಕಂಡ್ ಬಂದವ್ನೆ ನೋಡು” ಎಂದು ಎಣ್ಣೆ ಹೀರಿದ ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದ್ದ. ಬೆಂಚಿನಲ್ಲಿದ್ದವರು ನಕ್ಕರು.

ಮುನಿವೆಂಕಟಪ್ಪ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಕೂಗಾಡಲಿಲ್ಲ. “ಇನ್ಮೇಲೆ ಆ ಕೊಳದ ಕಡೆ ಹೋಗ್ಬೇಡ” ಎಂದಷ್ಟೇ ಹೇಳಿದ. ಮಗಳೂ ಅಳಲಿಲ್ಲ. “ಸರಿ, ಹೋಗಲ್ಲ” ಎಂದಳು. ಅದೇ ಕೊನೆ. ಅಂದಿನಿಂದ ಅವನೊಡನೆ ಒಂದು ಮಾತೂ ಇಲ್ಲ. ಕಾಫಿ ಕೊಡುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ, ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಮಾತು ಮಾತ್ರ ಇಲ್ಲ. ಕೂಗಾಡುವ ಹೆಂಗಸರ ನಡುವೆ ಬೆಳೆದ ಗಂಡಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಏನಿದೆ? ನಾಲ್ಕನೇ ವಾರಕ್ಕೆ ಅವನೇ ಸೋತು ಒಂದು ದಾರಿ ಹುಡುಕಿದ. ಈಜಲೇಬೇಕಾದರೆ ನಮ್ಮ ಕಾಂಪೌಂಡಿನಲ್ಲೇ ಈಜಲಿ. ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಪಂದ್ಯಕ್ಕೆ ಆಯ್ಕೆ ನಡೆಯುತ್ತದಂತೆ. ಮನೆಯಲ್ಲಿ ತಯಾರಾದರೆ ಅದೊಂದು ದಿನ ತಾನೇ ಕರೆದುಕೊಂಡು ಹೋಗಿ ಬರುತ್ತೇನೆ. ಕೊಳ ಇಲ್ಲದಿದ್ದರೆ ಆಯ್ಕೆಯೂ ಇಲ್ಲ, ದಸರವೂ ಇಲ್ಲ.

ಜಾಗಕ್ಕೇನೂ ಕೊರತೆಯಿರಲಿಲ್ಲ. ಹೊಲಗದ್ದೆಯೆಲ್ಲ ಬಡಾವಣೆಗೆಂದು ಹೋದಮೇಲೂ ಮನೆಯ ಸುತ್ತ ಅರ್ಧ ಎಕರೆ ಉಳಿದಿತ್ತು. ದಕ್ಷಿಣದ ಎತ್ತರದಲ್ಲಿ ದನದ ಕೊಟ್ಟಿಗೆ, ಈಶಾನ್ಯದ ತಗ್ಗಿನಲ್ಲಿ ಖಾಲಿ ನೆಲ. ಆ ಮೂಲೆಯಲ್ಲಿ ಗರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕಟ್ಟುವವರು ಯಾರು ಎನ್ನುವುದೇ ಪ್ರಶ್ನೆ.

ಮೊದಲು ಬಂದವರು ರಿಚರ್ಡ್ಸ್ ಟೌನಿನ ಅನಂತರಾಮು. ಸರ್ಕಾರಿ ಎಂಜಿನಿಯರಾಗಿದ್ದು ರಿಟೈರಾದವರು. ತಲೆಗೆ ಬಿಳಿ ಹ್ಯಾಟು, ಕಂಕುಳಲ್ಲಿ ಕಾಗದದ ಸುರುಳಿ. ಜಗಲಿಯ ಮೇಲೆ ನೀಲಿ ನಕ್ಷೆ ಹರಡಿ, ಅದು ಹಾರದಂತೆ ನಾಲ್ಕು ಮೂಲೆಗೆ ಆಂಜನಮ್ಮನ ನಾಲ್ಕು ಕಾಫಿ ಲೋಟಗಳನ್ನು ಇಟ್ಟರು.

“ಮೊದಲು ಟ್ರಯಲ್ ಪಿಟ್ ತೆಗೀಬೇಕು ಮಿಸ್ಟರ್ ಮುನಿವೆಂಕಟಪ್ಪ. ಸಾಯಿಲ್ ಟೆಸ್ಟ್ ಆಗ್ಬೇಕು. ಆಮೇಲೆ ಡಿಸೈನು. ಫಿಲ್ಟರ್ ಪ್ಲಾಂಟು ಬಾಂಬೆಯಿಂದ ಬರ್ಬೇಕು. ಎಲ್ಲಾ ಸೇರಿ ಒಂದು ಹತ್ತು ತಿಂಗಳು ಇಟ್ಕೊಳಿ.”

“ಹತ್ತು ತಿಂಗಳಾ? ನಮ್ಮ ಎಮ್ಮೆ ಹತ್ತು ತಿಂಗಳಿಗೆ ಕರು ಹಾಕಿ ಹಾಲೂ ಕೊಡ್ತದೆ ಸ್ವಾಮಿ.”

ಅನಂತರಾಮು ನಗಲಿಲ್ಲ. ಖರ್ಚಿನ ಅಂದಾಜನ್ನು ಚೀಟಿಯಲ್ಲಿ ಬರೆದು ತಳ್ಳಿದರು. ಮುನಿವೆಂಕಟಪ್ಪ ಅದನ್ನು ನೋಡಿ, ಮಡಿಸಿ, ಹೆಂಡತಿಗೆ ಕೊಟ್ಟ.

ಅವರು ಹೋದಮೇಲೆ, “ಇಷ್ಟರಾಗೆ ಅವಳ ಮದುವೆ ಎರಡು ಸಲ ಮಾಡ್ಬೋದು,” ಎಂದ.

“ಹೇಳಮ್ಮ ಅವರಿಗೆ,” ಒಳಗಿನಿಂದ ದನಿ ಬಂತು, “ಒಂದು ಸಲಾನೂ ಬೇಡ ಅಂತ.”

ಎರಡನೆಯವರನ್ನು ಕರೆಸಿದ್ದು ಆಂಜನಮ್ಮ. ಈಜುಕೊಳದ ಹೆಂಗಸರ ವೇಳೆಯಲ್ಲಿ ಬಾಗಿಲಲ್ಲಿ ಕೂತು ಟಿಕೀಟು ಹರಿಯುವ ನೂರ್ಜಹಾನ್ ಅವಳಿಗೆ ಪರಿಚಯ. ನೂರ್ಜಹಾನಳ ತಮ್ಮ ಅಕ್ತರ್ ಶಿವಾಜಿನಗರದ ಮೇಸ್ತ್ರಿ. ದಂಡಿನ ಪ್ರದೇಶದ ಎರಡು ಬಂಗಲೆಗಳಲ್ಲಿ ಪೂಲು ಕಟ್ಟಿದವನು. ಒಂದು ಭಾನುವಾರ ಸೈಕಲ್ ಮೇಲೆ ಬಂದ. ನಕ್ಷೆಯಿಲ್ಲ, ಹ್ಯಾಟಿಲ್ಲ. ಮಡಚುವ ಅಳತೆಕಡ್ಡಿ ಒಂದು ಜೇಬಿನಲ್ಲಿ, ಬೀಡಿ ಇನ್ನೊಂದರಲ್ಲಿ. ಈಶಾನ್ಯ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಗರಿಕೆ ಕಿತ್ತು, ಬೇರಿನ ಮಣ್ಣು ಹಿಂಡಿ, ಮೂಸಿ ನೋಡಿದ.

“ಅಮ್ಮಾ, ಇಲ್ಲಿ ಮುಂಚೆ ಏನಿತ್ತು?”

ಇಷ್ಟು ದಿನದಿಂದ ಗಂಡಸರೇ ಮಾತಾಡಿಕೊಳ್ಳುತ್ತಿದ್ದ ಆ ನೆಲದ ಬಗ್ಗೆ ತನ್ನನ್ನು ಕೇಳಿದವನು ಇವನೇ ಮೊದಲು ಎಂದು ಆಂಜನಮ್ಮನಿಗೆ ಅನಿಸಿತು. “ನಾನು ಮದುವೆ ಆಗಿ ಬಂದಾಗ ವೀಳ್ಯದೆಲೆ ತೋಟ ಇತ್ತು. ನೀರು ಹಾಯಿಸ್ತಾನೇ ಇರ್ಲಿಲ್ಲ, ಹಂಗೇ ಬೆಳೀತಿತ್ತು,” ಎಂದಳು.

“ಅದೇ ನೋಡಿ. ಏಪ್ರಿಲ್ ಬಿಸಿಲು, ಎಲ್ಲಾ ಕಡೆ ಹುಲ್ಲು ಸುಟ್ಟೋಗಿದೆ. ಇಲ್ಲಿ ಮಾತ್ರ ಹಸಿರು. ಕೆಳಗೆ ನೀರಿದೆ ಸಾಬ್. ಪೂಲಿಗೆ ಮೇಲಿಂದ ನಾವು ಹಾಕೋ ನೀರು ದೋಸ್ತ್. ಕೆಳಗಿಂದ ಬರೋ ನೀರು ದುಶ್ಮನ್. ಇಲ್ಲಿ ಬೇಡ. ಆ ಮೇಲ್ಗಡೆ ಕಟ್ಟೋಣ, ಕೊಟ್ಟಿಗೆ ಇದ್ಯಲ್ಲ, ಅಲ್ಲಿ. ನಾಲ್ಕು ತಿಂಗಳು ಕೊಡಿ, ಆಗಸ್ಟಲ್ಲಿ ಮಗು ನೀರಿಗೆ ಇಳೀಬಹುದು.”

“ಕೊಟ್ಟಿಗೆ ಕೀಳೋದಾ?” ಎಂದ ಮುನಿವೆಂಕಟಪ್ಪ. “ನಮ್ಮಪ್ಪ ಕಟ್ಟಿಸಿದ್ದು ಅದು. ಹಸು ಎಬ್ಬಿಸಿ ಆ ಜಾಗದಾಗೆ ಮಗಳನ್ನ ಈಜಾಡ್ಸಿದ ಅಂತ ಊರೆಲ್ಲ ಆಡ್ಕಳ್ಳಲ್ವಾ?”

“ಹಸು ಎಲ್ಲಿ ಕಟ್ಟಿದ್ರೂ ಹಾಲು ಕೊಡುತ್ತೆ ಸಾಬ್. ಪೂಲು ಎಲ್ಲಂದ್ರಲ್ಲಿ ನಿಲ್ಲಲ್ಲ.” ಅಕ್ತರ್ ಎದ್ದು ಮೊಣಕಾಲಿನ ಮಣ್ಣು ಕೊಡವಿದ. ವಾತಾವರಣ ತಿಳಿಯಾಗಲೆಂದು ಒಳ್ಳೆಯ ಮನಸ್ಸಿನಿಂದ ಒಂದು ಮಾತು ಸೇರಿಸಿದ: “ನಮ್ಮ ಅಕ್ಕ ನಿಮ್ಮ ಮಗಳನ್ನ ಬಹಳ ಹೊಗಳ್ತಾಳೆ. ಪೂಲಿಗೆ ಸೇರೋ ಫಾರಮ್ಮಿಗೆ ಎಲ್ಲಾ ಹುಡುಗೀರ ಅಪ್ಪಂದಿರು ಸೈನ್ ಹಾಕಿದ್ರೆ, ಈ ಹುಡುಗೀಗೆ ಅಮ್ಮನೇ ಖುದ್ದು ಬಂದು ಹಾಕಿದ್ರು, ಎಷ್ಟು ಧೈರ್ಯದ ಹೆಂಗಸು ಅಂತ.”

ಆಂಜನಮ್ಮ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡಳು.

ಮೇಸ್ತ್ರಿಯ ಸೈಕಲ್ಲು ಗೇಟು ದಾಟುವವರೆಗೆ ಮುನಿವೆಂಕಟಪ್ಪ ಕಾದ.

“ನೀನು ಸೈನ್ ಹಾಕಿದ್ದಾ?”

“ಹೂಂ.”

“ಯಾವಾಗ?”

“ಹೋದ ವರ್ಷ ಜೂನ್‌ನಲ್ಲಿ. ಕಾಲೇಜ್ ಕಡೆಯಿಂದ ಫಾರಂ ಕೊಟ್ಟಿದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಬೇಡ ಅಂತಿದ್ರಿ.”

“ಹಂಗಾದ್ರೆ ಬೇಡ ಅಂತ ಗೊತ್ತಿದ್ದೇ ಮಾಡ್ದೆ.”

“ಹೂಂ.”

ಇಷ್ಟೇ ಜಗಳ. ಆದರೆ ಅಂದು ಭಾನುವಾರದ ಮಾಂಸದ ಸಾರು ಮೂರು ತಟ್ಟೆಯಲ್ಲೂ ತಣ್ಣಗಾಯಿತು. ಮಾರಕ್ಕ ಮಾತ್ರ ತನ್ನದನ್ನು ಚಪ್ಪರಿಸಿ, ಉಳಿದವರ ತಟ್ಟೆ ನೋಡಿ, “ಕೋಪ ಮಾಡ್ಕಳೋರು ಮೊದ್ಲು ಉಣ್ಬೇಕು ಕಣ್ರೋ. ಹೊಟ್ಟೇಲಿಲ್ದೆ ಕೋಪ ಎಷ್ಟೊತ್ತು ನಿಲ್ತದೆ?” ಎಂದಳು.

ಮಾರನೆಯ ದಿನ ಮುನಿವೆಂಕಟಪ್ಪ, “ಆ ಸಾಬರ ಮೇಸ್ತ್ರಿ ಬೇಡ,” ಎಂದ. ಕಾರಣ ಕೊಟ್ಟಿಗೆ ಎಂದು ಹೇಳಿದ. ಕಾರಣ ಕೊಟ್ಟಿಗೆ ಅಲ್ಲವೆಂದು ಆಂಜನಮ್ಮನಿಗೆ ಗೊತ್ತಿತ್ತು. ಆದರೆ ಅಕ್ತರನ ಪರ ಒಂದು ಮಾತಾಡುವ ಬಾಯಿ ಈಗ ಅವಳಿಗೆ ಉಳಿದಿರಲಿಲ್ಲ. ಬಾಯಿ ತೆರೆದರೆ ಫಾರಮ್ಮಿನ ಮಾತು ಬರುತ್ತದೆ.

ಹಾಗೆ ಬಂದವನು ಪಿಳ್ಳಪ್ಪ.

ಪಿಳ್ಳಪ್ಪ ಮಾರಕ್ಕನ ಅಣ್ಣನ ಮಗ. ಹೊಸಕೋಟೆ ರಸ್ತೆಯ ಎರಡೂ ಮಗ್ಗುಲಲ್ಲಿ ಅರವತ್ತು ಬಾವಿ ತೋಡಿದವನು. ಒಂದರಲ್ಲೂ ನೀರು ತಪ್ಪಿದ್ದಿಲ್ಲ. ಮುಂಗೈ ನೋಡಿದರೆ ಹಾರೆಯ ಹಿಡಿಯಂತಿತ್ತು. ಅವನು ಜಗಲಿ ಹತ್ತುವ ಮೊದಲೇ ಮಾರಕ್ಕ ಕೇಳಿದಳು:

“ನೀರು ನೋಡೋಕೆ ಕಾಯಿ ತಂದಿದ್ದೀಯೇನ್ಲಾ?”

“ತರ್ದೆ ಇರ್ತೀನಾ ಅತ್ತೆ?”

ಜುಟ್ಟಿದ್ದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಪಿಳ್ಳಪ್ಪ ಬರಿಗಾಲಲ್ಲಿ ನಡೆದ. ಹಿಂದೆ ಮಾರಕ್ಕ, ಅವಳ ಹಿಂದೆ ಮುನಿವೆಂಕಟಪ್ಪ, ಬೇಲಿಯಾಚೆ ಬೀದಿಯ ಏಳೆಂಟು ಹೆಂಗಸರು. ಕೊಟ್ಟಿಗೆಯ ಹತ್ತಿರ ಕಾಯಿ ಮಲಗಿಯೇ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಲಗಿಯೇ ಇತ್ತು. ಈಶಾನ್ಯದ ತಗ್ಗಿಗೆ ಬಂದದ್ದೇ ತಡ, ನಿದ್ದೆಯಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ ಎದ್ದು ನಿಂತಿತು.

“ಅಗೋ!” ಎಂದು ಮಾರಕ್ಕ ಎರಡೂ ಕೈ ಮುಗಿದಳು.

“ಎಂಟಡಿ, ಹೆಚ್ಚಂದ್ರೆ ಒಂಬತ್ತು,” ಎಂದ ಪಿಳ್ಳಪ್ಪ. “ಬೇಸಿಗೇಲೂ ಬತ್ತಲ್ಲ ಭಾವ. ಬರ್ದು ಕೊಡ್ತೀನಿ.”

ಆದಿಲಕ್ಷ್ಮಿ ಅಮ್ಮನ ಕಿವಿಯಲ್ಲಿ, “ಆ ಮೇಸ್ತ್ರಿ ಹೇಳಿದ್ದು ಇದೇ ಅಲ್ವಾಮ್ಮ? ನೀರಿರೋ ಕಡೆ ಬೇಡ ಅಂತ?” ಎಂದಳು.

“ನೀನೇ ಹೇಳು ನಿಮ್ಮಪ್ಪಂಗೆ.”

“ನಾನ್ಯಾಕೆ ಹೇಳ್ಲಿ? ನೀನು ಹೇಳು.”

“ನಂಗೆ ಬಾಯಿ ಎಲ್ಲಿದೆ ಈಗ?”

ಹೀಗೆ ಇಬ್ಬರೂ ಹೇಳಲಿಲ್ಲ. ಮುನಿವೆಂಕಟಪ್ಪನಂತೂ ಎರಡು ತಿಂಗಳಿಗೆ ಮೊದಲ ಸಲ ಹಿಗ್ಗಿನಿಂದ ಹೊಳೆಯುತ್ತಿದ್ದ. “ನೋಡ್ದಾ ಆಂಜನಾ? ಆ ಎಂಜಿನಿಯರ್ರು ಪೈಪು, ಬಾಂಬೆ ಮಿಷನ್ನು ಅಂತ ಪಟ್ಟಿ ಕೊಟ್ಟ. ನೀರಿರೋ ಕಡೇನೆ ಪೂಲು ಕಟ್ಟಿದ್ರೆ ತುಂಬ್ಸೋ ತಾಪತ್ರಯಾನೇ ಇಲ್ಲ! ತಾನಾಗೇ ತುಂಬ್ತದೆ. ಇಷ್ಟು ಬುದ್ಧಿ ಓದಿದೋರ್ಗೆ ಬರ್ಲಿಲ್ಲ.”

ನೂರು ವರ್ಷ ನೀರಿಗಾಗಿ ಆಕಾಶ ನೋಡಿದ, ನೆಲ ಕೇಳಿದ ವಂಶ ಅದು. ನೀರು ಇರುವುದು ತಪ್ಪಾಗಬಹುದು ಎಂಬ ಯೋಚನೆ ಅವನ ತಲೆಗೆ ಬರಲು ದಾರಿಯೇ ಇರಲಿಲ್ಲ.

ಮೇ ಕೊನೆಗೆ ಗುದ್ದಲಿಪೂಜೆ ಆಯಿತು. ದಿನಕ್ಕೆ ಹತ್ತು ಆಳು. ಆಂಜನಮ್ಮ ಬೆಳಗಾದರೆ ಹತ್ತು ಆಳಿಗೆ ಮುದ್ದೆ, ಹುರುಳಿಕಟ್ಟಿನ ಸಾರು, ಸಂಜೆಯಾದರೆ ಟೀ ಮಾಡಿ ಹಾಕುತ್ತಿದ್ದಳು. ಮಗಳು ಮಣ್ಣಿನ ರಾಶಿಯ ಮೇಲೆ ನಿಂತು ಅಗಲ ಉದ್ದ ಹೆಜ್ಜೆಯಲ್ಲಿ ಅಳೆಯುತ್ತಿದ್ದಳು. ಒಂದು ದಿನ ಅಪ್ಪ ಗುಂಡಿಯ ಆಚೆ ದಡದಲ್ಲಿ, ಮಗಳು ಈಚೆ ದಡದಲ್ಲಿ.

“ಆಂಜನಾ, ಕೇಳು, ಒಂದು ಕಡೆ ಆಳ ಕಮ್ಮಿ ಇರ್ಬೇಕಾ ಅಂತ.”

ಆಂಜನಮ್ಮ ಆಗ ಅಡಿಗೆಮನೆಯಲ್ಲಿದ್ದಳು. ಕೂಗಿ ಕೂಗಿ ಸಾಕಾಗಿ ಮುನಿವೆಂಕಟಪ್ಪ ಸುಮ್ಮನಾದ. ಆದಿಲಕ್ಷ್ಮಿ ಒಂದು ಕೋಲು ತೆಗೆದುಕೊಂಡು ಮಣ್ಣಿನ ಮೇಲೆ ಇಳಿಜಾರಿನ ಗೆರೆಯೊಂದನ್ನು ಎಳೆದು ಹೋದಳು. ಅವನು ಸುತ್ತಿ ಬಂದು ಅದನ್ನು ನೋಡಿ, ಪಿಳ್ಳಪ್ಪನಿಗೆ, “ಹಿಂಗೆ ಮಾಡು,” ಎಂದ. ಮನೆ ಸರಿಹೋಗುತ್ತಿದೆ ಎಂದು ಆಂಜನಮ್ಮನಿಗೂ ಅನಿಸತೊಡಗಿತು.

ಹನ್ನೆರಡನೆಯ ದಿನ ಮಧ್ಯಾಹ್ನ, ಒಂಬತ್ತಡಿಯಲ್ಲಿ, ಹಾರೆ ಹಾಕಿದ ಕಡೆ ಬುಳಬುಳ ಎಂದಿತು.

“ಬಂತು! ಗಂಗಮ್ಮ ಬಂದ್ಲು!”

ಕೆಲಸ ನಿಂತಿತು. ಮಾರಕ್ಕ ಅರಿಸಿನ ಕುಂಕುಮ ಹಿಡಿದು ಮೆಟ್ಟಿಲಿಲ್ಲದ ಗುಂಡಿಗೆ ಇಳಿಯಲು ಹೊರಟಾಗ, ಇಬ್ಬರು ಆಳುಗಳು ಅವಳನ್ನು ಬುಟ್ಟಿಯ ಹಾಗೆ ಎತ್ತಿ ಕೆಳಗಿಟ್ಟರು. ಕಾಯಿ ಒಡೆದರು. ನೆನೆಸಿದ ಅಕ್ಕಿ, ಬೆಲ್ಲ, ಕೊಬ್ಬರಿ ಬೀದಿಗೆಲ್ಲ ಹಂಚಿದರು. ಮುನಿವೆಂಕಟಪ್ಪ ಪಿಳ್ಳಪ್ಪನಿಗೆ ಪಂಚೆ, ಶಲ್ಯ ಹೊದಿಸಿದ. ಮುದುಕಿಯ ಕಣ್ಣಲ್ಲಿ ನೀರು. ಗುಂಡಿಯಲ್ಲಿ ಮೊಣಕಾಲುದ್ದ ನೀರು.

ಆಂಜನಮ್ಮ ಅಂಗೈಯಲ್ಲಿ ಬೆಲ್ಲ ಹಿಡಿದುಕೊಂಡು ಮಗಳನ್ನು ನೋಡಿದಳು. ಮಗಳು ಅವಳನ್ನು ನೋಡಿದಳು. ದೋಸ್ತ್, ದುಶ್ಮನ್ ಎಂಬ ಎರಡು ಮಾತು ಇಬ್ಬರ ಕಿವಿಯಲ್ಲೂ ಇದ್ದವು.

ಆಮೇಲೆ ಶುರುವಾಯಿತು. ನೆಲಕ್ಕೆ ಸಿಮೆಂಟು ಹಾಕಬೇಕು, ನೀರು ಬಿಡುವುದಿಲ್ಲ. ಸೀಮೆಎಣ್ಣೆಯ ಪಂಪು ತಂದು ಬೆಳಗಿನಿಂದ ಸಂಜೆಯವರೆಗೆ ಎತ್ತಿದರು. ಬೆಳಗ್ಗೆ ನೋಡಿದರೆ ನೀರು ಮತ್ತೆ ಅದೇ ಗೆರೆಯಲ್ಲಿ. ಒಂದು ಸಲ ಹಟ ಹಿಡಿದು, ಎರಡು ಪಂಪು ಹಚ್ಚಿ ಒಣಗಿಸಿ, ಜಲ್ಲಿ ಸುರಿದು ಕಾಂಕ್ರೀಟು ಹಾಕಿಯೇಬಿಟ್ಟರು. ಮೂರನೇ ದಿನ ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ನಡುವೆ ಉಬ್ಬಿ, ಸಿಡಿದು, ಸೀಳಿನಿಂದ ನೀರು ನಗುತ್ತ ಮೇಲೆ ಬಂತು. ಇನ್ನೊಂದು ಸಲ ಹಾಕಿದರು. ಇನ್ನೊಂದು ಸಲ ಉಬ್ಬಿತು. ಅಷ್ಟರಲ್ಲಿ ಜುಲೈ ಮುಗಿದು, ಮಳೆ ಹಿಡಿದು, ಗುಂಡಿಯಲ್ಲಿ ನೀರು ಏಳಡಿ ಆಳಕ್ಕೆ ನಿಂತಿತು.

“ಏನಯ್ಯ ಇದು?” ಎಂದ ಮುನಿವೆಂಕಟಪ್ಪ.

ಪಿಳ್ಳಪ್ಪ ನಿಜವಾಗಿಯೂ ನೊಂದಿದ್ದ. “ಭಾವ, ಮೂವತ್ತೈದು ವರ್ಷ ಈ ಕೆಲ್ಸ ಮಾಡಿವ್ನಿ. ನೀರು ಬರ್ಲಿಲ್ಲ ಅಂತ ಬೈದೋರ್ನ ಕಂಡಿವ್ನಿ. ನೀರು ಬಂತು ಅಂತ ಬೈತಿರೋದು ನೀನೊಬ್ನೆ.”

ಪಿಳ್ಳಪ್ಪ ಶಲ್ಯ ಹೆಗಲ ಮೇಲೆ ಹಾಕಿಕೊಂಡು ಹೊಸಕೋಟೆ ಬಸ್ಸು ಹತ್ತಿದ.

ಸುದ್ದಿ ಟಿನ್ ಫ್ಯಾಕ್ಟರಿ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ದೊಡ್ಡಮುನಿಯಪ್ಪ ತಾನೇ ನೋಡಲು ಬಂದ. ಗುಂಡಿಯ ದಡದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡ. “ಮುನಿವೆಂಕಟ! ಸ್ವಿಮ್ಮಿಂಗ್ ಪೂಲು ಅಂತ ಬಾವಿ ತೋಡ್ಸಿದ್ದೀಯಲ್ಲೋ! ಎರಡು ಬಿಂದಿಗೆ ನಮ್ಮನೇಗೂ ಕಳ್ಸು, ನಲ್ಲೀಲಿ ನೀರಿಲ್ಲ.” ಆಂಜನಮ್ಮ ಕೊಟ್ಟ ಕಾಫಿ ಕುಡಿದು, ಟೀ ಅಂಗಡಿಗೆ ಬೇಕಾದಷ್ಟು ಸರಕು ತುಂಬಿಕೊಂಡು ಹೋದ.

ಅವತ್ತು ಊಟದಲ್ಲಿ ಮುನಿವೆಂಕಟಪ್ಪ ಅನ್ನ ಕಲಸುತ್ತ ಕಲಸುತ್ತ, “ಈ ವರ್ಷ ಆಗಲ್ಲ ಅನ್ನು ಅವಳಿಗೆ. ಮುಂದಿನ ದಸರಾಕ್ಕೆ ನೋಡೋಣ ಅನ್ನು,” ಎಂದ.

ಆಂಜನಮ್ಮ ಮಗಳ ಕಡೆ ತಿರುಗಲಿಲ್ಲ. ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

“ನಾನು ಹೇಳಲ್ಲ.”

“ಏನಂದೆ?”

“ನೀವೇ ಹೇಳಿ. ನಾಲ್ಕು ತಿಂಗಳಾಯ್ತು, ನಂಗೆ ಸಾಕಾಗಿದೆ. ಆ ಮೇಸ್ತ್ರಿ ಬಂದ ದಿನಾನೇ ಹೇಳಿದ್ದ, ಇಲ್ಲಿ ನೀರಿದೆ, ಬೇಡ ಅಂತ. ನೀವು ಅವನ ಕೆಲ್ಸ ನೋಡ್ಲಿಲ್ಲ, ನನ್ ಸೈನ್ ನೋಡಿದ್ರಿ. ನನ್ ಮೇಲಿನ ಕೋಪಕ್ಕೆ ಅವನನ್ನ ಬಿಟ್ರಿ. ಪಿಳ್ಳಪ್ಪಂದೇನೂ ತಪ್ಪಿಲ್ಲ. ಬಾವಿ ತೋಡೋನ್ನ ಕರ್ದ್ರೆ ಅವನು ಬಾವಿ ತೋಡ್ದ.”

ಮುನಿವೆಂಕಟಪ್ಪ ಎದ್ದು ಹೋಗುತ್ತಾನೆ ಎಂದುಕೊಂಡಳು. ಅವನು ಎದ್ದು ಹೋಗಲಿಲ್ಲ. ತಟ್ಟೆ ಮುಂದೆ ಸರಿಸಿ, “ಮಜ್ಜಿಗೆ ಹಾಕು,” ಎಂದ. ಮಾರನೆಯ ದಿನ ಅವನೇ ಲ್ಯಾಂಬ್ರೆಟಾ ಸ್ಕೂಟರಿನಲ್ಲಿ ಶಿವಾಜಿನಗರಕ್ಕೆ ಹೋಗಿ ಅಕ್ತರನನ್ನು ಹಿಂದೆ ಕೂರಿಸಿಕೊಂಡು ಬಂದ.

ಅಕ್ತರ್ ದಡದಲ್ಲಿ ಕೂತು, ಒಂದು ಬೊಗಸೆ ನೀರು ತೆಗೆದು, ಕುಡಿದೇಬಿಟ್ಟ.

“ಏನ್ ಸಿಹಿ ನೀರು! ಸಾಬ್, ಬೇಜಾರ್ ಮಾಡ್ಕೋಬೇಡಿ. ಇದು ಪೂಲಲ್ಲ. ಆದರೆ ಇಂಥ ಬಾವಿ ಇಡೀ ಹಲಸೂರಲ್ಲಿ ಹುಡುಕಬೇಕು. ಪೂಲೇ ಬೇಕು ಅಂದ್ರೆ ಇದನ್ನ ಮುಚ್ಚಿ, ಮಳೆ ನಿಂತ ಮೇಲೆ ಕೊಟ್ಟಿಗೆ ಹತ್ರ ಶುರು ಮಾಡೋಣ. ಡಿಸೆಂಬರ್, ಜನವರಿ.”

“ಮುಚ್ಚೋದಾ?” ಜಗಲಿಯಿಂದ ಮಾರಕ್ಕನ ದನಿ ಬಂತು, ಹಿಂದೆಯೇ ಮಾರಕ್ಕ ಬಂದಳು. “ಮನೆಗೆ ಬಂದ ಗಂಗೇ ತಲೆ ಮೇಲೆ ಮಣ್ಣು ಹಾಕ್ತೀರಾ? ನನ್ನ ಮೊದ್ಲು ಅದರಾಗೆ ಇಳ್ಸಿ, ಆಮೇಲೆ ಮುಚ್ಚಿ.”

“ಹಂಗಾದ್ರೆ ಅವಳು ಎಲ್ಲಿ ಈಜ್ಬೇಕವ್ವ?”

“ಎಲ್ಲಿ ಈಜ್ತಿದ್ಲೋ ಅಲ್ಲೇ ಈಜ್ಲಿ. ನಾವೆಲ್ಲ ಎಲ್ಲಿ ಈಜಿದ್ವಿ? ನಮ್ಮೂರ ಕಪಿಲೆ ಬಾವೀಲಿ, ಸೋರೆಬುರುಡೆ ಬೆನ್ನಿಗೆ ಕಟ್ಕಂಡು, ಮಟಮಟ ಮಧ್ಯಾಹ್ನ. ಸೀರೆ ಕಚ್ಚೆ ಕಟ್ಟಿದ್ರೆ ಮೈ ಎಷ್ಟು ಮುಚ್ತದೆ? ಬಾವಿ ಏರಿ ಮ್ಯಾಲೆ ಗಂಡಸ್ರು ಎತ್ತು ಹೊಡ್ಕಂಡು ಓಡಾಡ್ತಿರ್ಲಿಲ್ವಾ? ನಿಮ್ಮಪ್ಪ ನನ್ನ ಮೊದಲು ನೋಡಿದ್ದೇ ಬಾವೀಲಿ ಕಣ್ಲಾ.”

ಅಕ್ತರ್ ಕೆಮ್ಮಿ ಆಚೆ ತಿರುಗಿದ. ಆದಿಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಅದು ಬಾವಿ ಅವ್ವ,” ಎಂದ ಮುನಿವೆಂಕಟಪ್ಪ, ಕಿವಿಯವರೆಗೆ ಕೆಂಪಾಗಿ. “ಆಗ ಪೇಪರ್ ಇರ್ಲಿಲ್ಲ.”

“ಪೇಪರ್ ಇದ್ದಿದ್ರೆ ನನ್ ಫೋಟೋನೂ ಬರ್ತಿತ್ತು. ಬೋಂಡ ಕಟ್ತಿದ್ರು. ಆದ್ರೇನು? ಬೋಂಡಕ್ಕೆ ಕಾಗ್ದ ಬೇಡ್ವಾ?”

ಅಕ್ತರ್ ಈಗ ಮೆತ್ತಗೆ ಹೇಳಿದ: “ಸಾಬ್, ನಾನು ಹೋದ ಸಲ ಒಂದು ಮಾತು ಜಾಸ್ತಿ ಆಡಿ ಕೆಲ್ಸ ಕಳ್ಕೊಂಡೆ. ಈಗ ಇನ್ನೊಂದು ಆಡ್ತೀನಿ. ಹೆಂಗಸರ ಟೈಮಲ್ಲಿ ನಮ್ಮ ಅಕ್ಕ ಬಾಗಿಲಲ್ಲಿ ಕೂತ್ರೆ ಒಂದು ಗಂಡು ಸೊಳ್ಳೆ ಕೂಡ ಒಳಗೆ ಹೋಗಲ್ಲ. ನೀವೇ ಒಂದು ದಿನ ಬಂದು ಗೇಟಲ್ಲಿ ನಿಂತ್ಕೊಳ್ಳಿ. ನಿಮ್ಮನ್ನೂ ಬಿಡಲ್ಲ.”

ಮುನಿವೆಂಕಟಪ್ಪ ನೀರನ್ನೇ ನೋಡುತ್ತ ನಿಂತ. ತಿಳಿಯಾದ ನೀರು, ಒಡೆದ ಕಾಂಕ್ರೀಟಿನ ಚೂರುಗಳು ತಳದಲ್ಲಿ ಕಾಣುತ್ತಿದ್ದವು.

“ಫೋಟೋಗೂ ನಕ್ರು,” ಎಂದ ಕೊನೆಗೆ, ಯಾರಿಗೂ ಹೇಳದವನಂತೆ. “ಬಾವಿಗೂ ನಕ್ರು.” ಮತ್ತೆ ಅಕ್ತರನ ಕಡೆ ತಿರುಗಿ, “ಸುತ್ತ ಕಲ್ಲು ಕಟ್ಟಿ ಮೆಟ್ಟಿಲು ಇಳ್ಸೋಕೆ ಎಷ್ಟು ದಿನ ಬೇಕು?”

“ಮೂರು ವಾರ, ಸಾಬ್.”

“ನಾಳೆಯಿಂದ ಬಾ.”

ಅಕ್ತರ್ ಹೇಳಿದಂತೆ ಮೂರು ವಾರದಲ್ಲಿ ಕಲ್ಲು ಕಟ್ಟಿ ಮುಗಿಸಿದ. ಆ ಮೂರು ವಾರ ಮನೆಯಲ್ಲಿ ಈಜಿನ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ; ನಡುವೆ ಓಡಾಡುವ ಕೆಲಸ ಬಿಟ್ಟಿದ್ದ ಆಂಜನಮ್ಮ ಬಿಗಿಯಾಗಿಯೇ ಇದ್ದಳು. ಉಪ್ಪು ಬೇಕಾದರೂ ಮುನಿವೆಂಕಟಪ್ಪ ಕೈ ಚಾಚಿ ತಾನೇ ತೆಗೆದುಕೊಳ್ಳಬೇಕಾಗಿತ್ತು. ಬೀದಿಯ ಹೆಂಗಸರು ಮಾತ್ರ ಬಿಂದಿಗೆ ಹಿಡಿದು ಬಂದು, “ಸ್ವಿಮ್ಮಿಂಗ್ ಪೂಲ್ ನೀರು ಬೇಳೆ ಚೆನ್ನಾಗಿ ಬೇಯಿಸ್ತದೆ ಕಣ್ರೀ” ಎಂದು ಹೊಗಳಿ ಹೋಗುತ್ತಿದ್ದರು.

ಆಗಸ್ಟ್ ಕೊನೆಯ ಭಾನುವಾರ ಬೆಳಗ್ಗೆ. ಆಯ್ಕೆಗೆ ಇನ್ನು ಮೂರು ವಾರ. ಮುನಿವೆಂಕಟಪ್ಪ ಇಟ್ಟಿಗೆ ಗೂಡಿಗೆ ಹೋಗುವ ದಿನವಲ್ಲದಿದ್ದರೂ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಲ್ಯಾಂಬ್ರೆಟಾವನ್ನು ಗೇಟಿನವರೆಗೆ ತಳ್ಳಿಕೊಂಡು ಹೋಗಿ ಒದ್ದ. ಅದು ಹಿಡಿಯಿತು. ಅವನು ಹೊರಡಲಿಲ್ಲ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದ. ಆಂಜನಮ್ಮ ಬೇಕೆಂದೇ ಸೀರೆಯ ಆಚೆ ಮರೆಯಾದಳು.

ಎಂಜಿನ್ನು ಸುಮ್ಮನೆ ಬಡಿದುಕೊಳ್ಳುತ್ತಿತ್ತು.

“ಆದೀ,” ಎಂದು ಅವನು ಕೂಗಿದ.

ಜಗಲಿಯ ಮೇಲೆ ಮಾರಕ್ಕ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಮಗಳು ಬಾಗಿಲಿಗೆ ಬಂದು ಕಂಬ ಹಿಡಿದು ನಿಂತಳು.

“ಹೆಂಗಸರ ಟೈಮು ಎಂಟೂವರೆಗಲ್ವಾ?”

“ಹೂಂ.”

“ಟವಲು ತಗೊಂಡು ಬಾ ಮತ್ತೆ.”

ಅವಳು ಒಳಗೆ ಓಡಿ, ಅಷ್ಟೇ ಬೇಗ ಹೊರಗೆ ಬಂದಳು. ಚೀಲ ಎಂದಿನಿಂದ ಕಟ್ಟಿಟ್ಟಿದ್ದಳೋ ದೇವರೇ ಬಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ಕಾಲು ಹಾಕಿ ಕೂತಳು.

“ಅಲ್ಲಿ ಉದ್ದ ಎಷ್ಟಿದೆ?” ಅವನು ಮುಂದೆಯೇ ನೋಡುತ್ತ ಕೇಳಿದ.

“ನಿಮ್ಮ ಬಾವಿಗಿಂತ ತುಂಬಾ ಉದ್ದ, ಅಪ್ಪ.”

“ಗಟ್ಟಿಯಾಗಿ ಹಿಡ್ಕೋ.”

ಸ್ಕೂಟರು ಹಳೇ ಮದ್ರಾಸು ರಸ್ತೆಯ ಕಡೆ ತಿರುಗಿ, ಸದ್ದು ಸಣ್ಣದಾಗುತ್ತ ಹೋಯಿತು. ಮಾರಕ್ಕನ ಕುಟ್ಟಾಣಿ ಮತ್ತೆ ಶುರುವಾಯಿತು. ಆಂಜನಮ್ಮ ಖಾಲಿ ಬಕೆಟ್ಟು ಕೆಳಗಿಟ್ಟು ಈಶಾನ್ಯ ಮೂಲೆಗೆ ಬಂದಳು. ಬಿಂದಿಗೆಯವರು ಇನ್ನೂ ಬಂದಿರಲಿಲ್ಲ. ಹೊಸ ಮೆಟ್ಟಿಲ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ, ಎರಡೂ ಪಾದ ನೀರಿಗೆ ಬಿಟ್ಟಳು. ತಣ್ಣಗಿತ್ತು. ಎಲ್ಲಿಂದ ಬಂದು ಸೇರಿತ್ತೋ, ಒಂದು ಹಸಿರು ಕಪ್ಪೆ ಅವಳ ಪಕ್ಕದ ಕಲ್ಲಿನಿಂದ ನೀರಿಗೆ ಹಾರಿತು. ಕಾಲು ಬೀಸಿ ಬೀಸಿ ನೇರವಾಗಿ ಹೋಗಿ, ಆಚೆ ಗೋಡೆ ಮುಟ್ಟಿ, ತಿರುಗಿತು.